ಸಿಮೆಂಟ್ ಬಳಿದು ನಾನು ಕೆಡಿಸಿದ ಬಂಗಲೆ

"ಬಂಗಲೆ ಕೆಡವಿಸಿಬಿಡಿ" ಎಂದು ಮ್ಯಾನೇಜರ್ ಹೇಳಿದ್ದು ನನಗೇ. ಗೋಡೆ ಹಾಳಾಗಿದ್ದು ನನ್ನಿಂದಲೇ ಅಲ್ಲವಾ...

ಎಂಬತ್ತರ ದಶಕದ ಮಾತು. ವೈಟ್‌ಫೀಲ್ಡ್‌ನಲ್ಲಿ ನಮ್ಮ ಫ್ಯಾಕ್ಟರಿ ಕೊಂಡ ಜಾಗದಲ್ಲಿ ಬ್ರಿಟಿಷರ ಕಾಲದ ಕೆಂಪು ಇಟ್ಟಿಗೆ ಬಂಗಲೆಯೊಂದಿತ್ತು. ಕಮಾನಿನ ವರಾಂಡ, ಮಂಗಳೂರು ಹೆಂಚು, ಎತ್ತರದ ಕಿಟಕಿಗಳು. ನೋಡಿದ ದಿನವೇ ಮನಸೋತಿದ್ದೆ.

ನಾನು ಆಗಷ್ಟೇ ಸಿವಿಲ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ್ದ ಹುಡುಗಿ. ಇಟ್ಟಿಗೆ ಸಂದಿನ ಹಳೇ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು. "ಸಿಮೆಂಟ್ ಹೊಡೆದ್ರೆ ಕಲ್ಲಿನ ಥರ ಇರುತ್ತೆ ಸಾರ್" ಎಂದು ಜಂಬದಿಂದ ಹೇಳಿ, ಹೊರಗಡೆ ಸುತ್ತಲೂ ಸೊಂಟದೆತ್ತರಕ್ಕೆ ಬಳಿಸಿಯೇಬಿಟ್ಟೆ.

ಒಂದೇ ಮಳೆಗಾಲ, ಅಷ್ಟೇ. ಗೋಡೆಯ ಒಳಮೈಯೆಲ್ಲ ತೇವ, ಬೂಷ್ಟು. ಸಿಮೆಂಟಿನ ಹಿಂದಿದ್ದ ಇಟ್ಟಿಗೆ ಬೆರಳಲ್ಲಿ ಒತ್ತಿದರೆ ಉದುರುತ್ತಿತ್ತು.

"ಯುಗಾದಿವರೆಗೆ ಟೈಮ್ ಕೊಡಿ ಸಾರ್, ನಾನೇ ಸರಿ ಮಾಡಿಸ್ತೀನಿ" ಎಂದೆ. ಮ್ಯಾನೇಜರ್ ನಕ್ಕರು. "ಆಯ್ತಮ್ಮ, ಆಮೇಲೆ ಅಳ್ಬಾರ್ದು."

ದೊಡ್ಡನೆಕ್ಕುಂದಿಯಲ್ಲಿ ಹಳೇ ಕಾಲದ ಗಾರೆ ಕೆಲಸ ಬಲ್ಲ ಮುನಿಯಪ್ಪನವರನ್ನು ಹುಡುಕಿ ಕರೆತಂದೆ. ಗೋಡೆ ನೋಡಿದವರೇ ನನಗೆ ಬೈದರು.

"ಏನಮ್ಮಾ ಇಂಗೆ ಮಾಡಿದೀಯ? ಸುಣ್ಣದ ಗಾರೆ ಗೋಡೆ ನೀರು ಕುಡೀತದೆ, ಬಿಸಿಲು ಬಂದ್ರೆ ಬಿಡ್ತದೆ. ನೀನು ಅದ್ರ ಬಾಯಿಗೇ ಸಿಮೆಂಟು ಮೆತ್ತಿದೀಯ!"

ಸುಣ್ಣ ನೆನೆಹಾಕಿ, ಇಟ್ಟಿಗೆ ಪುಡಿ, ಬೆಲ್ಲದ ನೀರು ಬೆರೆಸಿ ಗಾರೆ ಅರೆಯುವುದು ಅವರ ಕೆಲಸ. ಸಿಮೆಂಟ್ ಕೀಳುವುದು ನನ್ನದು. ಬಳಿಸಿದವಳು ನಾನು, ಕೀಳುವವಳೂ ನಾನೇ ಎಂದು ಹಟ.

ಸುತ್ತಿಗೆ ಏಟು ಸ್ವಲ್ಪ ಜೋರಾದರೆ ಇಟ್ಟಿಗೆಯೂ ಜೊತೆಗೇ ಬರುತ್ತೆ... ಅಂಗೈ ತುಂಬ ಬೊಬ್ಬೆ. ಕ್ಯಾಂಟೀನಿನಲ್ಲಿ "ಮೇಡಂ ಮೇಸ್ತ್ರಿ ಆದ್ರು" ಎಂದು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಬಂಗಲೆ ಉಳಿದರೆ ಸಾಕಿತ್ತು ನನಗೆ.

ಯುಗಾದಿಯ ಮಾರನೇ ದಿನ ಮ್ಯಾನೇಜರ್ ಬರುತ್ತಾರೆ. ಒಳಗೆ ಹೋಗಿ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಾರೆ. ಆಮೇಲೆ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾರೆ... ಒಣಗಿದೆ!

"ನಮ್ಮ ಆಫೀಸ್ ಇಲ್ಲಿಗೇ ಶಿಫ್ಟ್ ಮಾಡ್ಸಿ" ಎಂದಷ್ಟೇ ಹೇಳಿ ಹೊರಟರು. ನಾನು ವರಾಂಡದಲ್ಲಿ ಕೂತು ಅತ್ತುಬಿಟ್ಟೆ.

ಮುನಿಯಪ್ಪನವರು ಹೊಗಳಲಿಲ್ಲ. ಕರಣೆ ನನ್ನ ಕೈಗಿತ್ತು, "ಹಿಂದಿನ ಗೋಡೆ ಬಾಕಿ ಐತೆ, ಅದು ನೀನೇ ತುಂಬಮ್ಮ" ಎಂದರು.

ನಾನು ಗಾರೆ ತುಂಬಿದ ಆ ಹಿಂದಿನ ಗೋಡೆಗೆ ಮೊನ್ನೆ ಮಳೆ ನಿಂತ ಮೇಲೆ ಹೋಗಿ, ಒಳಗಡೆಯಿಂದ ಅಂಗೈ ಒತ್ತಿ ನೋಡಿಬಂದೆ... ಇವತ್ತಿಗೂ ಒಣಗೇ ಇದೆ ಕಣ್ರೀ!