ಹೆಂಚಿನ ದನಿಯನ್ನು ಮರಳಿ ಹಿಡಿದ ಅಕ್ಕ

ಅವರ ಬಲಗೈಯ ನಡುಬೆರಳಿನ ಗೆಣ್ಣಿನ ಮೇಲೆ ಹುಣಸೆಬೀಜದಷ್ಟು ಗಾತ್ರದ, ಅಷ್ಟೇ ನುಣುಪಾದ ಜಡ್ಡೊಂದಿದೆ. ಹೆಂಚನ್ನು ಗೆಣ್ಣಿನಿಂದ ಬಡಿದು, ಸದ್ದು ಆಲಿಸಿ, ಬಿರುಕಿದ್ದುದನ್ನು ಬದಿಗಿಡುವುದು ನಮ್ಮ ನೆರೆಮನೆಯ ಅಕ್ಕನ ಕಸುಬು. ಹೆಂಚಿನ ಕಾರ್ಖಾನೆ ಮುಚ್ಚಿದ ಮೇಲೆ, ಕೆಡವಿದ ಮನೆಗಳ ಹಳೆಯ ಹೆಂಚು ಮಾರುವ ಯಾರ್ಡಿನಲ್ಲಿ ಅವರಿಗೆ ಅದೇ ಕೆಲಸ ಸಿಕ್ಕಿತು. ಸರಿಯಾದ ಹೆಂಚು ಠಣ್ ಎನ್ನುತ್ತದೆ; ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಮಂಕಾಗುತ್ತದೆ.

ಒಂದು ಮಳೆಗಾಲ, ಅಕ್ಕ ಆರಿಸಿಕೊಟ್ಟ ಹೆಂಚು ಹೊದಿಸಿದ ಮನೆ ಸೋರಿತು. ಅವರ ಲೆಕ್ಕದಲ್ಲಿ ಅದು ಕಾರ್ಖಾನೆ ಮುಚ್ಚಿದ ನಂತರದ ಹನ್ನೆರಡನೆಯ ಮಳೆಗಾಲ, ನನ್ನ ದಿನಚರಿಯ ಪ್ರಕಾರ ಹದಿಮೂರನೆಯದು. ನಾನು ದಿನಚರಿಯನ್ನೇ ನಂಬುತ್ತೇನೆ. ಯಾರ್ಡಿನ ಧಣಿ ಮೃದುವಾಗಿಯೇ ಹೇಳಿದರಂತೆ: "ಅಕ್ಕ, ಇನ್ನು ಮನೆಯಲ್ಲಿ ಆರಾಮ ಮಾಡಿ."

ಆ ಸಂಜೆ ಅಕ್ಕ ಎರಡು ಹೆಂಚು ಹಿಡಿದು ನಮ್ಮ ಜಗಲಿಗೆ ಬಂದರು. ಒಂದು ಗಟ್ಟಿ, ಒಂದು ಬಿರುಕಿನದು. ಎರಡನ್ನೂ ಬಲಗಿವಿಯ ಹತ್ತಿರ ಬಡಿದರು, ಆಮೇಲೆ ಎಡಗಿವಿಯ ಹತ್ತಿರ.

"ಸರ್, ಎಡಗಿವಿಗೆ ಎರಡೂ ಒಂದೇ. ಬಲದ್ದರಲ್ಲಿಯೂ ಮೊದಲಿನ ಹಾಗೆ ಇಲ್ಲ. ತಪ್ಪು ಹೆಂಚಿನದ್ದಲ್ಲ ಮಾರಾಯ್ರೆ, ನನ್ನ ಕಿವಿಯದ್ದು."

ದಿನಚರಿಯನ್ನು ಹಿಂದಕ್ಕೆ ತಿರುವಿದೆ. ಸೂಚನೆಗಳೆಲ್ಲ ಸೋರಿಕೆಗೂ ಎಂಟು ತಿಂಗಳ ಮೊದಲೇ ಅಲ್ಲಿದ್ದವು: ಬಸ್ಸಿನ ಕಂಡಕ್ಟರ್ ಗೊಣಗುತ್ತಾನೆಂಬ ದೂರು, ಗೋಡೆಯಾಚೆಯಿಂದ ಕೇಳುವ ಅವರ ಟಿ.ವಿ., ಫೋನು ಬಂದರೆ ಬಲಗಿವಿಗೇ ಹೋಗುವ ಕೈ. ನಾನು ಅವನ್ನು ನೆರೆಯವರ ವಿಚಿತ್ರ ಸ್ವಭಾವವೆಂದು ಬರೆದಿಟ್ಟಿದ್ದೆನೇ ಹೊರತು ಒಂದಕ್ಕೊಂದು ಸೇರಿಸಿ ನೋಡಿರಲಿಲ್ಲ.

ಕಿವಿಗೆ ಮಿಷನ್ ಇಟ್ಟರೆ ಜನ ಕೆಪ್ಪಿ ಅನ್ನುತ್ತಾರೆಂದು ಅವರ ತಂಗಿ ತಡೆದಾಗ ಅಕ್ಕ ನನ್ನತ್ತ ಕೈತೋರಿಸಿ, "ಇವರು ಕನ್ನಡಕ ಇಟ್ಟಿದ್ದಾರಲ್ಲ, ಇವರನ್ನು ಕುರುಡ ಅಂತ ಯಾರು ಹೇಳ್ತಾರೆ? ನೀನು ಸುಮ್ಮನೆ ಕೂತ್ಕೊ" ಎಂದರು.

ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ಮಾಡಿದ ಶ್ರವಣತಜ್ಞೆ, ತೆಳುವಾದ, ಏರುದನಿಯ ಸದ್ದುಗಳೇ ಮೊದಲು ಮರೆಯಾಗಿವೆ ಎಂದು ಗ್ರಾಫ್ ತೋರಿಸಿದರು. ಬೇಗ ಬಂದದ್ದು ಒಳ್ಳೆಯದಾಯಿತು ಎಂದರು. ಆದರೆ ಶ್ರವಣಯಂತ್ರ ಹಾಕಿದ ಮೊದಲ ದಿನಗಳಲ್ಲಿ ಎಲ್ಲ ಹೆಂಚೂ ಸ್ಟೀಲ್ ಪಾತ್ರೆಯಂತೆ ಕೇಳಿಸಿತು. ಅಕ್ಕ ಎರಡು ಬಾರಿ ಹೋಗಿ ಯಂತ್ರವನ್ನು ಹೊಂದಿಸಿಕೊಂಡು ಬಂದರು. ಏಳು ವಾರ ದಿನಾ ಬೆಳಿಗ್ಗೆ ಅವರ ಅಂಗಳದಲ್ಲಿ ಹೆಂಚು ಬಡಿಯುವ ಅದೇ ಸದ್ದು. ಕಾರ್ಖಾನೆಗೆ ಹೊಸದಾಗಿ ಸೇರಿದವರಂತೆ ಅವರು ಮೊದಲಿನಿಂದ ಕಲಿಯುತ್ತಿದ್ದರು.

ನಂತರ ನನ್ನನ್ನೂ ಕರೆದುಕೊಂಡು ಯಾರ್ಡಿಗೆ ನಡೆದರು. ಧಣಿ ನಲವತ್ತು ಹೆಂಚುಗಳ ನಡುವೆ ಬಿರುಕಿನ ಐದನ್ನು ಸೇರಿಸಿಟ್ಟರು. ಅಕ್ಕ ಬಡಿಯುತ್ತ ಹೋಗಿ ಆರನ್ನು ಬದಿಗಿಟ್ಟರು.

"ಆರನೆಯದು ಒಳ್ಳೆಯದು ಅಕ್ಕ. ನಾನೇ ನೋಡಿ ಇಟ್ಟದ್ದು."

"ಕಣ್ಣಿನಲ್ಲಿ ನೋಡಿದ್ದಲ್ವಾ? ನೀರು ತನ್ನಿ."

ಹೆಂಚಿನ ಮೇಲೆ ನೀರು ಹೊಯ್ದು ಕಾದೆವು. ಸ್ವಲ್ಪ ಹೊತ್ತಿಗೆ ಕೆಳಮೈಯಲ್ಲಿ ದಾರದಂಥ ಒದ್ದೆಗೆರೆಯೊಂದು ಮೂಡಿತು. ಧಣಿ ಅದರ ಮೇಲೆ ಹೆಬ್ಬೆರಳು ಎಳೆದು ನೋಡಿ ನಕ್ಕುಬಿಟ್ಟರು.

"ನಾಳೆ ಎಂಟಕ್ಕೆ ಬನ್ನಿ."

"ಏಳೂವರೆಗೆ ಬರ್ತೇನೆ. ಇಷ್ಟು ದಿನ ನೀವು ಆರಿಸಿದ್ದನ್ನೆಲ್ಲ ಪುನಃ ನೋಡ್ಲಿಕ್ಕೆ ಉಂಟು."

ಹಿಂದಿರುಗುವಾಗ ರಿಕ್ಷಾದಲ್ಲಿ ಅಕ್ಕ ಏನೋ ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಅವರು ಥಟ್ಟನೆ ಮಾತು ನಿಲ್ಲಿಸಿ ನನ್ನ ಮುಖ ನೋಡಿದರು.

"ಸರ್, ಎಂತ ಹೇಳಿದೆ ನಾನು?"

ರಿಕ್ಷಾದ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ ಎಂದೆ. ರಿಕ್ಷಾ ಅಲ್ಲಿಂದಲೇ ಕಂಕನಾಡಿಗೆ ತಿರುಗಿತು. ಪರೀಕ್ಷೆಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕೇಳಿಸಿದಾಗಲೆಲ್ಲ ಗುಂಡಿ ಒತ್ತುತ್ತ ಕುಳಿತೆ. ಗಾಜಿನಾಚೆ ಅಕ್ಕ ಪರೀಕ್ಷೆ ಬರೆಯುವ ಮಗುವಿನ ತಾಯಿಯಂತೆ ನಿಂತಿದ್ದರು. ಇಂದು ನನ್ನ ಕಿವಿಯಲ್ಲೂ ಯಂತ್ರವಿದೆ; ಮೊಮ್ಮಗಳು ಕೋಣೆಯ ಇನ್ನೊಂದು ಮೂಲೆಯಿಂದ ಪಿಸುಗುಟ್ಟಿದರೂ ನಾನು ತಿರುಗಿ ಉತ್ತರಿಸುತ್ತೇನೆ. ಆ ಉತ್ತರಗಳೆಲ್ಲ ಅಕ್ಕ ನನಗೆ ಕೊಡಿಸಿದವು.