ಅತ್ತೆ ಹತ್ತಿದ ಅರಮನೆ

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ವಿಯೆನ್ನಾದ ಆ ಅರಮನೆಯ ಗೋಡೆ ಹಳದಿಯೇ, ಫೋಟೋ ಇದೆ. ಹೋದದ್ದು ಬೆಳಿಗ್ಗೆಯೋ ಮಧ್ಯಾಹ್ನವೋ ಎಂದರೆ ಹೇಳಲಾರೆ.

ಆಗ ನಾನು ಜಪಾನಿನ ಒಕಾಜಾಕಿಯಲ್ಲಿ ಸಂಶೋಧಕಿ. ಇಸವಿ ಎರಡು ಸಾವಿರ ಬರುವುದರಲ್ಲಿತ್ತು. ಆ ವರ್ಷಾಂತ್ಯದ ರಜೆಗೆ ನಾನೂ ಗಂಡನೂ ಜಪಾನೀಯರ ಟೂರ್ ಗುಂಪಿನ ಜೊತೆ ಯೂರೋಪಿನ ಅರಮನೆಗಳನ್ನು ನೋಡಬೇಕೆಂದಿದ್ದೆವು. ಕಂಪ್ಯೂಟರುಗಳ ತಾರೀಖು ಕೆಡಬಹುದೆಂದು ಗಂಡನ ಆಫೀಸಿನಲ್ಲಿ ರಜೆ ರದ್ದಾಯಿತು.

"ಅವನ ಬದಲು ನಾನು ಬರ್ತೀನಿ" ಅಂದರು, ಮೈಸೂರಿನಿಂದ ಬಂದಿದ್ದ ಅತ್ತೆ.

"ಅಮ್ಮಾ, ನಿನ್ನ ಮಂಡಿ?"

"ಮಂಡಿ ನಂದು ಕಣೋ. ನಿನ್ನ ಕಂಪ್ಯೂಟರ್ ನೀನು ನೋಡ್ಕೋ."

ಮೆಟ್ಟಿಲು ಬಹಳ ಎಂದು ಟೂರಿನವರೂ ಎಚ್ಚರಿಸಿದ್ದರು. ಪರೀಕ್ಷೆಗೆಂದು ಅತ್ತೆಯನ್ನು ಇನುಯಾಮಾ ಕೋಟೆಗೆ ಕರೆದೊಯ್ದೆವು. ಅಲ್ಲಿ ಶೂ ಕಳಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು, ಏಣಿಯಂಥ ಮರದ ಮೆಟ್ಟಿಲು ಹತ್ತಬೇಕು. ಅತ್ತೆ ನೆರಿಗೆ ಎತ್ತಿ ಸಿಕ್ಕಿಸಿ, ಮೆಟ್ಟಿಲಿಗೊಮ್ಮೆ ಎರಡೂ ಕಾಲೂರುತ್ತ ತುದಿ ಮುಟ್ಟಿದರು. ಕೆಳಗೆ ಏದುಸಿರು ಬಿಡುತ್ತಿದ್ದ ಮಗನನ್ನು ಕೇಳಿದರು: "ಟಿಕೆಟ್ ಮಾಡಿಸ್ತೀಯೋ, ಇನ್ನೊಂದ್ಸಲ ಹತ್ತಲೋ?"

ವಿಯೆನ್ನಾದಲ್ಲಿ ಅರಮನೆಯ ಬಾಗಿಲಿಗೆ ಬಂದಾಗ ಅತ್ತೆ ಬೆಂಚಿನ ಮೇಲೆ ಕೂತು ಶೂ ಬಿಚ್ಚಿದರು. ಮೈಸೂರು ಅರಮನೆಗೆ ಚಪ್ಪಲಿ ಹಾಕಿಕೊಂಡು ಹೋಗಿ ಅಭ್ಯಾಸವಿಲ್ಲ. ಬ್ಯಾಗಿನಿಂದ ಪ್ಲಾಸ್ಟಿಕ್ ಚೀಲ ತೆಗೆದರು. ಪಕ್ಕದ ಜಪಾನಿ ಅಜ್ಜಿ ಅದನ್ನು ನೋಡಿ, "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ತಾವೂ ಲೇಸಿಗೆ ಕೈ ಹಾಕಿದರು. ಆಮೇಲೆ ಇಡೀ ಸಾಲೇ ಬಗ್ಗಿತು. ಬಾವುಟ ಹಿಡಿದ ಗೈಡ್ ತಿರುಗಿ ನೋಡುವಷ್ಟರಲ್ಲಿ ಎಲ್ಲರೂ ಕಾಲುಚೀಲದಲ್ಲಿದ್ದರು. ಇಲ್ಲಿ ಬಿಚ್ಚಬೇಕಿಲ್ಲ ಎಂದು ಆಕೆ ಮುಖ ಕೆಂಪಾಗಿ ಹೇಳಿದರು. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಅವರಿಗೆ ಬೇಡ್ವೇನೋ. ನನಗೆ ಬೇಕು" ಎಂದು ಅತ್ತೆ ಎದ್ದರು. ಯಾರೂ ಶೂ ಹಾಕಿಕೊಳ್ಳಲಿಲ್ಲ. ಕಾವಲುಗಾರ ನಗುತ್ತ ದಾರಿ ಬಿಟ್ಟ. ಚಿನ್ನದ ಗೋಡೆಗಳ ನಡುವೆ ಗುಂಪು ಸದ್ದಿಲ್ಲದೆ ನಡೆಯಿತು, ಎಲ್ಲರಿಗಿಂತ ಮುಂದೆ ಅತ್ತೆ. "ಚೆನ್ನಾಗಿದೆ. ಆದ್ರೆ ನಮ್ಮ ಮೈಸೂರಿನ ಕಂಬಗಳಿಲ್ಲ" ಎಂದು ತೀರ್ಪಿತ್ತರು. ಹೊರಗೆ ಬಂದು ಶೂ ಹಾಕಿಕೊಂಡು, ಅರಮನೆಯ ಹಿಂದಿನ ಗುಡ್ಡದ ಮೇಲಿನ ಮಂಟಪಕ್ಕೂ ಹತ್ತಿದರು. ಅಷ್ಟರಲ್ಲಿ ಗುಂಪಿನ ಅರ್ಧ ಜನ ಬಸ್ಸಿಗೆ ಮರಳಿದ್ದರು.

ಹೋಟೆಲಿನಿಂದ ಮಗನಿಗೆ ಫೋನ್ ಮಾಡಿದರು. "ಹತ್ತಿದೆ ಕಣೋ. ನಿನ್ನ ಕಂಪ್ಯೂಟರ್ ಇನ್ನೂ ನಡೀತಿದ್ಯಾ?"

ನನ್ನ ನೆನಪಿನಲ್ಲಿ ಅತ್ತೆ ಆ ಗುಡ್ಡದಲ್ಲಿ ಒಮ್ಮೆಯೂ ದಣಿವಾರಿಸಿಕೊಳ್ಳಲು ನಿಲ್ಲುವುದಿಲ್ಲ. ನಾನೇ ಮುಂದೆ ಹೋಗುತ್ತಿದ್ದೆನೋ ಏನೋ. ಮೈಸೂರಿಗೆ ಹೋದಾಗ ಕೇಳಿದೆ. ಅತ್ತೆ ಕಾಫಿ ಬೆರೆಸಲು ಎದ್ದುಹೋದರು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ನಿಜ ಹೇಳಿ, ಆವತ್ತು ಮಂಡಿ ಎಷ್ಟು ನೋಯ್ತಿತ್ತು?"