ರೋಸ್ಕೊ ಟಿಬ್ಸ್ ಅವರ ನಾನೂರ ನಲವತ್ತು

ಶನಿವಾರ ಬೆಳಗಿನ ಐದೂಕಾಲು. ನೆವಾರ್ಕ್‌ನ ಚರ್ಚೊಂದರಲ್ಲಿ ಅರವತ್ತೆರಡರ ರೋಸ್ಕೊ ಟಿಬ್ಸ್ ಎರಡು ಕವಲಿನ ಉಕ್ಕಿನ ಶ್ರುತಿಕವೆಯನ್ನು ಮೊಣಕಾಲಿಗೆ ತಟ್ಟಿ, ಅದರ ಬುಡವನ್ನು ಪಿಯಾನೊದ ಮರಕ್ಕೆ ಒತ್ತುತ್ತಾರೆ. ಸೆಕೆಂಡಿಗೆ ನಾನೂರ ನಲವತ್ತು ಕಂಪನ. ಆ ನಾದಕ್ಕೆ ಮೊದಲ ತಂತಿ ಕೂಡಿದ ಮೇಲೆ ಉಳಿದ ಇನ್ನೂರಕ್ಕೂ ಹೆಚ್ಚು ತಂತಿಗಳ ಸರದಿ. ಬಸ್ಸುಗಳ ಓಡಾಟ ಶುರುವಾಗುವ ಮುನ್ನ ಮುಗಿಯಬೇಕು. ಗದ್ದಲದಲ್ಲಿ ಕಿವಿ ಮೋಸಹೋಗುತ್ತದೆ.

ಪಕ್ಕದ ಅಡುಗೆಮನೆಯಲ್ಲಿ ಮೀನು ಹುರಿಯುತ್ತಿರುವ ವರ್ಲೀನ್ ಓಕ್ಸ್ ಕೂಗುತ್ತಾರೆ: "ಬ್ರದರ್ ಟಿಬ್ಸ್, ಇವತ್ತಾದ್ರೂ ಶ್ರುತಿ ಏರಿಸ್ಬೇಡಪ್ಪ! ಹಾಡೋರ ಗಂಟಲು ಹರಿದೀತು."

"ನೀನು ಮೀನು ಸೀಯಿಸ್ಬೇಡ ಸಿಸ್ಟರ್."

ಇಪ್ಪತ್ತೈದು ವರ್ಷಗಳಿಂದ ಇದೇ ಚುಚ್ಚುಮಾತು. 1962ರಲ್ಲಿ ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್‌ಗಳ ಪುಟ್ಟ ತಂಡದೊಂದಿಗೆ ವರ್ಲೀನ್ ಒಂದೇ ದಿನದಲ್ಲಿ ಹಾಡಿ ಮುಗಿಸಿದ ಜಾಜ್ ಆಲ್ಬಂ 'ನಾಲ್ವರ ನಡುವೆ ವರ್ಲೀನ್'. ಪಿಯಾನೊ ಶ್ರುತಿ ಮಾಡಿದ ರೋಸ್ಕೊ ಅವರ ಹೆಸರು ಅದರ ಹೊದಿಕೆಯ ಮೇಲಿಲ್ಲ. ಹೆಸರು ಬಂದದ್ದು ಆಮೇಲೆ. "ಕೀರಲು ಕಂಠ, ಅಟ್ಟಿಸಿಕೊಂಡು ಬಂದಂಥ ಹಾಡುಗಾರಿಕೆ" ಎಂದು ವಿಮರ್ಶಕರು ಬರೆದಾಗ, ಟಿಬ್ಸ್ ಪಿಯಾನೊದ ಶ್ರುತಿ ಏರಿಸಿಟ್ಟಿದ್ದರಿಂದ ಹೀಗಾಯಿತು ಎಂದು ರೆಕಾರ್ಡ್ ಕಂಪನಿ ಕೈತೊಳೆದುಕೊಂಡಿತು. ಸ್ಟುಡಿಯೊಗಳು ಅವರನ್ನು ಕರೆಯುವುದನ್ನೇ ಬಿಟ್ಟವು. ವರ್ಲೀನ್ ಮತ್ತೆ ಮೈಕಿನ ಮುಂದೆ ನಿಲ್ಲಲಿಲ್ಲ.

ಹೋದ ವರ್ಷವಷ್ಟೇ ರೋಸ್ಕೊ ನಿಜವನ್ನು ಪತ್ತೆಹಚ್ಚಿದ್ದಾರೆ. ಒಂದು ಹಾಡಿನ ಕೊನೆಯಲ್ಲಿ ಎಲ್ಲರೂ ಸುಮ್ಮನಾದ ಮೇಲೆ ಗಿಟಾರಿನ ಸ್ಪೀಕರಿನಿಂದ ವಿದ್ಯುತ್ತಿನ ಗುಂಯ್‌ಕಾರ ಕೇಳಿಸುತ್ತದೆ. ಅಮೆರಿಕದಲ್ಲಿ ಅದು ಸೆಕೆಂಡಿಗೆ ಅರವತ್ತು ಕಂಪನ. ರೆಕಾರ್ಡಿನಲ್ಲಿ ಸುಮಾರು ಅರವತ್ತೆರಡು. ಅಂದರೆ ಆ ದಿನ ಸ್ಟುಡಿಯೊದ ಟೇಪ್ ಯಂತ್ರ ನಿಧಾನವಾಗಿ ಓಡಿತ್ತು. ಸರಿಯಾದ ಯಂತ್ರಕ್ಕೆ ಹಾಕಿದಾಗ ಪಿಯಾನೊ, ಕಂಠ, ಉಸಿರು ಎಲ್ಲವೂ ಪ್ರತಿಶತ ಮೂರರಷ್ಟು ಮೇಲೇರಿ ಓಡಿದವು.

"ಪಿಯಾನೊ ನಾನೇ ಏರಿಸಿದೆ ಅಂತಿಟ್ಕೊಳ್ಳಿ," ಎನ್ನುತ್ತಾರೆ ರೋಸ್ಕೊ. "ಊರಿನ ಕರೆಂಟನ್ನೂ ನಾನೇ ಏರಿಸಿದ್ನಾ?"

ಆಲ್ಬಂ ಮರುಮುದ್ರಣವಾಗುವ ಮುನ್ನ ಅವರು ಈ ಲೆಕ್ಕವನ್ನು ಕಂಪನಿಗೆ ಬರೆದು ಕಳಿಸಿದರು. 'ಕೇಳುಗರು ಇದಕ್ಕೇ ಒಗ್ಗಿದ್ದಾರೆ' ಎಂದು ಒಂದು ಸಾಲಿನ ಉತ್ತರ ಬಂತು. ಹೊಸ ಪ್ರತಿಗಳೂ ಹಳೆಯ ವೇಗದಲ್ಲೇ ಅಂಗಡಿ ಸೇರಿದವು.

ರೋಸ್ಕೊ ವೇಗ ತಗ್ಗಿಸಿ ಒಂದು ಕ್ಯಾಸೆಟ್ ಮಾಡಿಕೊಂಡರು. ಅದರಲ್ಲಿ ವರ್ಲೀನ್ ಅವರ ದನಿ ತುಂಬಿದೆ, ಬೆಚ್ಚಗಿದೆ, ಅದಕ್ಕೆ ಯಾವ ಅವಸರವೂ ಇಲ್ಲ. ಅಡುಗೆಮನೆಗೆ ಒಯ್ದು, ಎಲ್ಲ ಹೇಳಿ, ಮುಂದಿಟ್ಟರು. ವರ್ಲೀನ್ ಹಿಟ್ಟಿನ ಕೈಯಿಂದಲೇ ಅದನ್ನು ಹಿಂದೆ ತಳ್ಳಿದರು.

"ಬೇಡ, ತಗೊಂಡ್ಹೋಗು. ನಾನು ಚೆನ್ನಾಗೇ ಹಾಡಿದ್ದೆ ಅಂತ ಗೊತ್ತಾದ್ರೆ, ಈ ಇಪ್ಪತ್ತೈದು ವರ್ಷನ ಎಲ್ಲಿಡ್ಲಿ ಹೇಳು?"

ಕ್ಯಾಸೆಟ್ ಈಗ ಉಪಕರಣದ ಚೀಲದ ತಳದಲ್ಲಿದೆ. "ನಾನು ಸತ್ತಾಗ ಜೊತೆಗೇ ಹೂತ್ಬಿಡಿ. ಇನ್ನೇನೂ ಬೇಡ," ಎನ್ನುತ್ತಾರೆ ರೋಸ್ಕೊ.

ಆರೂಮುಕ್ಕಾಲಕ್ಕೆ ಕೊನೆಯ ತಂತಿ. ಅವರು ಮತ್ತೊಮ್ಮೆ ಶ್ರುತಿಕವೆ ತಟ್ಟಿ, ಮೊದಲ ತಂತಿಯೊಡನೆ ಹೋಲಿಸುತ್ತಾರೆ. ಎರಡೂ ನಾದಗಳು ಒಂದೇ. ನಡುವೆ ಕೂದಲೆಳೆಯಷ್ಟೂ ಅಲುಗಾಟವಿಲ್ಲ.

"ಏನ್ ಬ್ರದರ್, ಏರಿಸಿದ್ಯಾ?" ಒಳಗಿನಿಂದ ದನಿ.

"ಒಂಚೂರು ಏರಿದೆ ಸಿಸ್ಟರ್," ಎನ್ನುತ್ತಾ ರೋಸ್ಕೊ ಪಿಯಾನೊದ ಮುಚ್ಚಳ ಇಳಿಸುತ್ತಾರೆ.